ಪವಿತ್ರ ನಾಡಿನ ಮೊದಲ ಯಾತ್ರೆ

ಬೆಂಗಳೂರಿನ ಯಶವಂತಪುರದ ಸುತ್ತಮುತ್ತಲ ಕ್ರೈಸ್ತರಿಗೆ ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬಕ್ಕಾಗಿ ಶಿವಾಜಿನಗರದ ಬೆಸಿಲಿಕಾಗೋ ವೇಳಾಂಕಣ್ಣಿಗೋ ಹೋಗಿಬರುವುದು ಪರಿಚಿತವಾದ ಯಾತ್ರೆ. ಆದರೆ ಯೇಸುಕ್ರಿಸ್ತನು ಹುಟ್ಟಿ, ಬೋಧಿಸಿ, ಪ್ರಾಣಬಿಟ್ಟ ಪ್ರದೇಶವಾದ 'ಪವಿತ್ರ ನಾಡ'ನ್ನು ಮೊದಲ ಬಾರಿಗೆ ಕಾಣುವವರ ಅನುಭವವೇ ಬೇರೆ.

ಬೆತ್ಲೆಹೇಮಿನ ಜನನ ದೇವಾಲಯದ ಬಾಗಿಲು ಸುಮಾರು 4 ಅಡಿ ಎತ್ತರದ್ದಾದ್ದರಿಂದ ಎಂಥವರೂ ತಲೆಬಾಗಿಯೇ ಒಳಹೋಗಬೇಕು. ಅಲ್ಲಿನ ನೆಲಮಾಳಿಗೆಯ ಗುಹೆಯಲ್ಲಿ, ಯೇಸು ಹುಟ್ಟಿದನೆಂದು ನಂಬಲಾದ ತಾಣವನ್ನು 14 ಮೊನೆಗಳ ಬೆಳ್ಳಿಯ ನಕ್ಷತ್ರವೊಂದು ಸೂಚಿಸುತ್ತದೆ.

ಬೆಂಗಳೂರಿನ ಯಾತ್ರಿಕರನ್ನು ಹೆಚ್ಚು ಕಲಕುವುದು ಬಹುಶಃ ಜೆರುಸಲೇಮಿನ ಶಿಲುಬೆಹಾದಿ, ಅಂದರೆ ಯೇಸು ಶಿಲುಬೆ ಹೊತ್ತು ನಡೆದನೆಂದು ನಂಬಲಾದ ದಾರಿ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಂದು ಊರಿನ ಚರ್ಚಿನ ಗೋಡೆಯ ಮೇಲಿನ ಈ ಹಾದಿಯ 14 ಸ್ಥಳಗಳ ಚಿತ್ರಗಳ ಮುಂದೆ ಮೊಣಕಾಲೂರಿ ಬೆಳೆದವರಿಗೆ, ಅವೇ ಸ್ಥಳಗಳು ಅಂಗಡಿ, ವ್ಯಾಪಾರಿಗಳ ಕೂಗು, ಜನಜಂಗುಳಿಯ ನಡುವಿನ ಕಲ್ಲುಹಾಸಿನ ಇಕ್ಕಟ್ಟು ಬೀದಿಯಲ್ಲಿ ಎದುರಾಗುತ್ತವೆ. ಕೊನೆಯ 5 ಸ್ಥಳಗಳು ಮಾತ್ರ ಪವಿತ್ರ ಸಮಾಧಿಯ ದೇವಾಲಯದೊಳಗಿವೆ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ 4ನೇ ಶತಮಾನದಲ್ಲಿ ಮೊದಲಿಗೆ ಕಟ್ಟಿಸಿದ ಈ ದೇವಾಲಯವನ್ನು ಕಥೋಲಿಕ, ಗ್ರೀಕ್ ಆರ್ಥೊಡಾಕ್ಸ್, ಅರ್ಮೇನಿಯನ್ ಮೊದಲಾದ ಪಂಥಗಳು ಹಂಚಿಕೊಂಡಿದ್ದು, ಅದರ ಬೀಗದ ಕೈ ಮಾತ್ರ ಶತಮಾನಗಳಿಂದ ಮುಸ್ಲಿಂ ಕುಟುಂಬವೊಂದರ ವಶದಲ್ಲಿರುವುದು ಗೌರವದಿಂದ ನೆನೆಯಬೇಕಾದ ಸಂಗತಿ.