ಆಮ್ಲಜನಕದ ಕೋಣೆಗೆ ಹರಿಹರದ ಫಿಟ್ಟರ್

ಯಂತ್ರಗಳ ನಡುವೆ ಪಳಗಿದ ಫಿಟ್ಟರ್‌ಗೆ ಒಂದು ಅಭ್ಯಾಸವಿರುತ್ತದೆ. ಬಿಗಿಯಾದ ನಟ್ಟು, ತಿರುಗದ ವಾಲ್ವು ಕಂಡರೆ ಕೈ ತಾನಾಗಿಯೇ ಎಣ್ಣೆ ಡಬ್ಬಿಯತ್ತ ಹೋಗುತ್ತದೆ. ಲೇತ್ ಯಂತ್ರಕ್ಕೆ ಅದು ಸರಿ. ಆಸ್ಪತ್ರೆಯ ಆಮ್ಲಜನಕದ ಕೋಣೆಯಲ್ಲಿ ಅದೇ ಕೈ ಅನಾಹುತ ಮಾಡಬಲ್ಲದು. ಸಿಲಿಂಡರ್ ಒಳಗೆ ಭಾರಿ ಒತ್ತಡದಲ್ಲಿ ತುಂಬಿಟ್ಟ ಆಮ್ಲಜನಕ, ವಾಲ್ವು ತೆರೆದೊಡನೆ ನುಗ್ಗುತ್ತದೆ. ಅದರ ದಾರಿಯಲ್ಲಿ ಗ್ರೀಸಿನ ಒಂದು ತೆಳು ಪದರ ಇದ್ದರೂ ಬೆಂಕಿ ಹತ್ತಬಹುದು, ಹೊರಗಿನ ಕಿಡಿಯೇ ಬೇಕೆಂದಿಲ್ಲ. ಹಾಗಾಗಿ ಆ ಕೋಣೆಗೆ ಹೋಗುವವರು ಮೊದಲು ಕೈ ತೊಳೆಯಬೇಕು, ಎಣ್ಣೆ ಮೆತ್ತಿದ ಬಟ್ಟೆ ಬದಲಿಸಬೇಕು. ವಾಲ್ವನ್ನು ನಿಧಾನಕ್ಕೆ, ಮುಖ ಪಕ್ಕಕ್ಕಿಟ್ಟುಕೊಂಡು ತಿರುಗಿಸಬೇಕು. ಇದನ್ನು ಕಲಿಸಲು ಒಂದು ಬೆಳಗು ಸಾಕು. ಆದರೆ ಯಾರಾದರೂ ಕೂತು ಕಲಿಸಬೇಕು.

ಫಿಟ್ಟರ್‌ಗಳಿಗೆ ನಮ್ಮಲ್ಲಿ ಬರವಿಲ್ಲ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ಆಚೆಗಿನ ಹರಿಹರವನ್ನು ಹೊರಗಿನವರು ಹರಿಹರೇಶ್ವರ ದೇವಸ್ಥಾನದಿಂದ, ತುಂಗಭದ್ರೆಯಿಂದ ಬಲ್ಲರು. ಕಾರ್ಖಾನೆಯವರು ಅದನ್ನು ಬಲ್ಲದ್ದು ಲೇತಿನಿಂದ. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಂಪನಿಯ ಯಂತ್ರಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪ್‌ಗಳಿಗೆ ಹೋದವು. ಕಾರ್ಖಾನೆಯ ಸುತ್ತಲ ಬಡಾವಣೆಗೆ ಯಂತ್ರಾಪುರ ಎಂದೇ ಹೆಸರು ಬಿತ್ತು. ಟರ್ನರ್, ಫಿಟ್ಟರ್, ಮೌಲ್ಡರ್ ಎಂಬ ಮಾತುಗಳು ಇಲ್ಲಿನ ಮನೆಗಳಲ್ಲಿ ಅಪ್ಪ, ದೊಡ್ಡಪ್ಪಂದಿರ ಪರಿಚಯದ ಜೊತೆಗೇ ಬರುತ್ತಿದ್ದವು. ಕಂಪನಿ ಮುಚ್ಚಿ ಎರಡು ದಶಕಗಳೇ ಆದವು. ಮೈಕ್ರಾನ್ ಲೆಕ್ಕದಲ್ಲಿ ಅಳೆದು ಕೆಲಸ ಮಾಡಿದ ಅಲ್ಲಿನ ಕೆಲಸಗಾರರ ಕೈಚಳಕ ಸಣ್ಣ ಶೆಡ್ಡುಗಳಿಗೆ, ಗ್ಯಾರೇಜುಗಳಿಗೆ, ಬೇರೆ ಊರುಗಳಿಗೆ ಹಂಚಿಹೋಯಿತು. ಊರಿನಲ್ಲಿ ಇಂದಿಗೂ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಎರಡೂ ಊರುಗಳ ಐಟಿಐಗಳಿಂದ ವರ್ಷವರ್ಷವೂ ಹುಡುಗರು ಹೊರಬರುತ್ತಾರೆ. ಹೆಚ್ಚಿನವರು ಬೆಂಗಳೂರಿನ ಪೀಣ್ಯಕ್ಕೋ ಹೊಸೂರಿಗೋ ಬಸ್ಸು ಹತ್ತುತ್ತಾರೆ.

ಇತ್ತ ದಾವಣಗೆರೆ ಈಗ ಮಿಲ್ಲಿನ ಊರಿಗಿಂತ ಹೆಚ್ಚಾಗಿ ಆಸ್ಪತ್ರೆಯ ಊರು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 2006ರಲ್ಲಿ ಎಸ್.ಎಸ್. ವೈದ್ಯಕೀಯ ಸಂಸ್ಥೆ ಬಂದವು. ಬಾಪೂಜಿ ಆಸ್ಪತ್ರೆಯಿದೆ. ಜನ ಸಿ.ಜಿ. ಆಸ್ಪತ್ರೆ ಎನ್ನುವ ಚಿಗಟೇರಿ ಜಿಲ್ಲಾ ಆಸ್ಪತ್ರೆಯೊಂದರಲ್ಲೇ ಒಂಬೈನೂರಕ್ಕೂ ಹೆಚ್ಚು ಹಾಸಿಗೆಗಳಿವೆ. ಹರಪನಹಳ್ಳಿ, ಜಗಳೂರು, ರಾಣೆಬೆನ್ನೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ರಾತ್ರಿಯೆಲ್ಲ ಆಂಬುಲೆನ್ಸ್ ಬರುತ್ತಲೇ ಇರುತ್ತವೆ. ಡಾಕ್ಟರುಗಳನ್ನು ತಯಾರಿಸಲು ಈ ಊರಿನಲ್ಲಿ ಎರಡು ಕಾಲೇಜುಗಳಿವೆ, ನರ್ಸಿಂಗ್ ಕಾಲೇಜುಗಳಂತೂ ಹಲವು. ಆಸ್ಪತ್ರೆಯ ಕಟ್ಟಡ, ಕರೆಂಟು, ನೀರು, ಗಾಳಿ, ಲಿಫ್ಟು, ಕಸ, ಲಾಂಡ್ರಿ ನೋಡಿಕೊಳ್ಳುವವರನ್ನು ತಯಾರಿಸುವುದಕ್ಕೆಂದೇ ಹುಟ್ಟಿದ ಶಾಲೆ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಕರೆಂಟು ಹೋದ ಆ ಹತ್ತು ಸೆಕೆಂಡು

ಈ ಕೆಲಸ ಎಷ್ಟು ಗಂಭೀರ ಎಂಬುದನ್ನು ನಮಗೆ ಸಾವುಗಳೇ ಹೇಳಿಕೊಟ್ಟಿವೆ. 2021ರ ಏಪ್ರಿಲ್ 21ರಂದು ನಾಸಿಕ್‌ನ ಡಾ. ಝಾಕಿರ್ ಹುಸೇನ್ ಆಸ್ಪತ್ರೆಯಲ್ಲಿ ದ್ರವ ಆಮ್ಲಜನಕದ ಟ್ಯಾಂಕ್ ಸೋರಿತು. ಕೊಳವೆಯಲ್ಲಿ ಒತ್ತಡ ಕುಸಿದು ಇಪ್ಪತ್ತಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು. ಎರಡು ವಾರ ಕಳೆಯುವುದರೊಳಗೆ, ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ, ನಮ್ಮದೇ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಜನ ಹೋದರು. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿಯ ವಿಮ್ಸ್ ಆಸ್ಪತ್ರೆಯಲ್ಲಿ ವಿದ್ಯುತ್ ಕೈಕೊಟ್ಟ ದಿನ ಐಸಿಯುನಲ್ಲಿದ್ದವರು ಸತ್ತಾಗ, ಸಾವಿಗೆ ಕರೆಂಟೇ ಕಾರಣವೇ ಅಲ್ಲವೇ ಎಂಬ ಜಗಳ ವಿಧಾನಸಭೆಯ ತನಕ ಹೋಯಿತು.

ಬೆಸ್ಕಾಂ ಕರೆಂಟು ಹೋಗುವುದು, ಜನರೇಟರ್ ಹೊತ್ತುಕೊಳ್ಳುವುದು, ಇವೆರಡರ ನಡುವೆ ಸುಮಾರು ಹತ್ತು ಸೆಕೆಂಡಿನ ಅಂತರವಿರುತ್ತದೆ. ಆ ಹೊತ್ತನ್ನು ಯುಪಿಎಸ್ ದಾಟಿಸಬೇಕು. ಬ್ಯಾಟರಿಗಳು ಹಳತಾಗಿದ್ದರೆ ದಾಟಿಸುವುದಿಲ್ಲ. ಜನರೇಟರನ್ನು ವಾರಕ್ಕೊಮ್ಮೆ ಸುಮ್ಮನೆ ಚಾಲೂ ಮಾಡಿ ಐದು ನಿಮಿಷಕ್ಕೆ ನಿಲ್ಲಿಸಿ ರಿಜಿಸ್ಟರಿನಲ್ಲಿ ಸಹಿ ಹಾಕಿದರೆ ಅದು ಪರೀಕ್ಷೆಯಾಗುವುದಿಲ್ಲ. ಲೋಡ್ ಇಲ್ಲದೆ ಓಡಿದ ಡೀಸೆಲ್ ಎಂಜಿನ್ ಮಸಿ ಹಿಡಿದು ಇನ್ನೂ ಕೆಡುತ್ತದೆ. ನಿಜವಾದ ಲೋಡ್ ಕೊಟ್ಟು ಓಡಿಸಿ, ಯಾವ ವಾರ್ಡಿಗೆ ಎಷ್ಟು ಸೆಕೆಂಡಿಗೆ ಕರೆಂಟು ಬಂತೆಂದು ನೋಡಬೇಕು. ಇದನ್ನು ಬಲ್ಲ ಎಲೆಕ್ಟ್ರಿಷಿಯನ್ ರಾತ್ರಿ ಪಾಳಿಯಲ್ಲಿ ಇದ್ದಾನೆಯೇ ಎಂದು ಯಾವ ರೋಗಿಯ ಮನೆಯವರೂ ಕೇಳುವುದಿಲ್ಲ. ಅವರಿಗೆ ಕೇಳಬೇಕೆಂದು ಗೊತ್ತಿರುವುದೂ ಇಲ್ಲ.

ಡಯಾಲಿಸಿಸ್ ವಿಭಾಗದ ನೀರಿನದೂ ಇದೇ ಕಥೆ. ನಾಲ್ಕು ತಾಸಿನ ಒಂದು ಸರದಿಯಲ್ಲಿ ರೋಗಿಯ ರಕ್ತದ ಆಚೆ ಬದಿಯಲ್ಲಿ ಹರಿಯುವ ದ್ರವಕ್ಕೆ ಸುಮಾರು 120 ಲೀಟರ್ ನೀರು ಬೇಕು. ನಡುವೆ ಇರುವುದು ತೆಳುವಾದ ಒಂದು ಪೊರೆ ಮಾತ್ರ. ನೀರಿನಲ್ಲಿ ಕ್ಲೋರಿನ್ ಉಳಿದುಕೊಂಡರೆ ರಕ್ತಕಣಗಳು ಒಡೆಯುತ್ತವೆ. ಆರ್‌ಒ ಘಟಕದ ಕಾರ್ಬನ್ ಫಿಲ್ಟರ್ ದಾಟಿ ಬಂದ ನೀರನ್ನು ದಿನವೂ ಪರೀಕ್ಷಿಸಬೇಕಾದ ಕೈ ಬಹಳ ಕಡೆ ಒಬ್ಬ ಹೊರಗುತ್ತಿಗೆ ನೌಕರನದು.

ಕೋವಿಡ್ ಹೊತ್ತಿನಲ್ಲಿ ಒಂದು ಒಳ್ಳೆಯ ಕೆಲಸವೂ ನಡೆಯಿತು. ಪಿಎಂ ಕೇರ್ಸ್ ನಿಧಿಯಿಂದ ದೇಶದ ಜಿಲ್ಲೆಜಿಲ್ಲೆಗೂ ಗಾಳಿಯಿಂದ ಆಮ್ಲಜನಕ ತೆಗೆಯುವ ಪಿಎಸ್‌ಎ ಘಟಕಗಳು ಬಂದವು. ಅವನ್ನು ನಡೆಸಲು ಏಳು ಸಾವಿರಕ್ಕೂ ಹೆಚ್ಚು ಜನರಿಗೆ ತರಬೇತಿ ಕೊಡಲಾಯಿತು. ಯಂತ್ರದ ಜೊತೆಗೇ ಯಂತ್ರ ನಡೆಸುವವನೂ ಬೇಕೆಂದು ಸರ್ಕಾರಕ್ಕೆ ಆಗ ಹೊಳೆದಿತ್ತು. ಆದರೆ ಕಲಿತವನಿಗೆ ಕಾಯಂ ಹುದ್ದೆ ಇರದಿದ್ದರೆ, ಸಾವಿರ ರೂಪಾಯಿ ಹೆಚ್ಚು ಸಿಗುವ ಕಡೆ ಹೋಗುತ್ತಾನೆ. ಘಟಕದ ಜರಡಿಯಲ್ಲಿರುವ ಜಿಯೋಲೈಟ್ ತೇವ ಹೀರಿದರೆ ಕೆಲಸ ನಿಲ್ಲಿಸುತ್ತದೆ. ಕಂಪ್ರೆಸರಿನ ನೀರು ಬಸಿಯುವುದನ್ನು ಯಾರೂ ನೋಡದೆ ಬಿಟ್ಟರೆ ಕೋಟಿಯ ಬೆಲೆಯ ಯಂತ್ರ ತಗಡಿನ ಪೆಟ್ಟಿಗೆಯಾಗಿ ಉಳಿಯುತ್ತದೆ.

ಬಕೆಟ್ಟು ಹಿಡಿದ ಅಕ್ಕಂದಿರು

ಈ ಲೇಖನ ಫಿಟ್ಟರ್‌ಗಳ ಬಗ್ಗೆ ಮಾತ್ರವಾದರೆ ಅನ್ಯಾಯ. ಆಸ್ಪತ್ರೆಯನ್ನು ನಡೆಸುವ ಕೈಗಳಲ್ಲಿ ಹೆಚ್ಚಿನವು ಸ್ವಚ್ಛತೆಯ ಹೆಂಗಸರವು. ನೆಲ ಒರೆಸುವುದರಲ್ಲಿ ಕಲಿಯುವುದೇನಿದೆ ಎನ್ನುವವರು ಆಪರೇಷನ್ ಥಿಯೇಟರಿನ ಹೊರಗೆ ಅರ್ಧ ತಾಸು ನಿಲ್ಲಲಿ. ಶುದ್ಧ ಜಾಗದಿಂದ ಕೊಳಕಿನ ಕಡೆಗೆ ಒರೆಸುತ್ತ ಬರಬೇಕು. ಒಂದು ವಾರ್ಡಿನ ಮಾಪ್ ಇನ್ನೊಂದಕ್ಕೆ ಹೋಗಬಾರದು. ರಕ್ತ ಚೆಲ್ಲಿದರೆ ತಕ್ಷಣ ಉಜ್ಜಬಾರದು: ಹೀರುವ ಬಟ್ಟೆ ಹಾಕಿ, ಮೇಲೆ ಹೈಪೋಕ್ಲೋರೈಟ್ ಸುರಿದು, ಅದಕ್ಕೆ ಬೇಕಾದಷ್ಟು ಹೊತ್ತು ಕಾಯಬೇಕು. ಸೂಜಿ ಬಿಳಿ ಡಬ್ಬಿಗೆ, ಐವಿ ಕೊಳವೆ ಕೆಂಪು ಚೀಲಕ್ಕೆ, ರಕ್ತದ ಹತ್ತಿ ಹಳದಿಗೆ, ಗಾಜು ನೀಲಿಗೆ. ಡ್ಯೂಟಿ ಡಾಕ್ಟರು ಅವಸರದಲ್ಲಿ ಸೂಜಿಯನ್ನು ಹಳದಿ ಚೀಲಕ್ಕೆ ಹಾಕಿದರೆ ಚುಚ್ಚುವುದು ಚೀಲ ಎತ್ತಿದ ಅಕ್ಕನ ಅಂಗೈಗೆ.

ಕಾನೂನು ಈ ಅಕ್ಕನನ್ನು ಮರೆತಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಬೇಕು, ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸು, ಮುಗಿಯುವುದಕ್ಕೆ ಆರು ತಿಂಗಳು. ಗುತ್ತಿಗೆದಾರ ಬದಲಾದಾಗ ಜನ ಬದಲಾದರೆ ಮೂರನೆಯ ಡೋಸನ್ನು ಯಾರು ನೆನಪಿಡುತ್ತಾರೆ? ಟೆಂಡರ್ ಅತಿ ಕಡಿಮೆ ಬರೆದವನಿಗೆ ಹೋಗುತ್ತದೆ. ಫಿನಾಯಿಲ್ ಬೆಲೆ, ಪೊರಕೆ ಬೆಲೆ ಇಳಿಸಲಾಗದು. ಇಳಿಯುವುದು ಸಂಬಳ, ರಜೆ, ತರಬೇತಿ.

ಇದಕ್ಕೆ ಬೇರೆ ದಾರಿಯಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಪೌರಕಾರ್ಮಿಕರ ಗುತ್ತಿಗೆ ಪದ್ಧತಿಯೂ ಬದಲಾಗದ ವಿಧಿ ಎಂದೇ ಎಲ್ಲರೂ ನಂಬಿದ್ದರು. ವರ್ಷಗಟ್ಟಲೆ ಹೋರಾಡಿದ ಮೇಲೆ 2017ರಿಂದ ಅವರಿಗೆ ನೇರ ಪಾವತಿ ಬಂತು. ಬೀದಿ ಗುಡಿಸುವವರಿಗೆ ಸಾಧ್ಯವಾದದ್ದು ಐಸಿಯು ಗುಡಿಸುವವರಿಗೂ ಸಾಧ್ಯವಾಗಬೇಕು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ತನ್ನ ಕಟ್ಟಡ, ಯಂತ್ರ, ಅಡುಗೆ, ಸ್ವಚ್ಛತೆಯ ಸಿಬ್ಬಂದಿಗಾಗಿಯೇ 2022ರಲ್ಲಿ ಪ್ರತ್ಯೇಕ ಯೋಜನೆ ಹೊರಡಿಸಿತು. ನುರಿತವರು ನಿವೃತ್ತರಾಗುತ್ತಿದ್ದಾರೆ, ಹೊಸಬರು ಬರುತ್ತಿಲ್ಲ ಎಂಬ ಆತಂಕ ಅದರ ಹಿಂದಿತ್ತು.

ಅದೇ ಆತಂಕ ಹರಿಹರಕ್ಕೂ ಇರಬೇಕು. ಕಿರ್ಲೋಸ್ಕರ್‌ನಲ್ಲಿ ಕೈ ಪಳಗಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಈಗ ಅರವತ್ತು ದಾಟಿದೆ. ಅವರು ಮೆಟ್ಟಿಲು ಹತ್ತಿ ಪೈಪು ಬೆಸೆಯಬೇಕಾಗಿಲ್ಲ, ಹುಡುಗರ ಪಕ್ಕ ನಿಂತು ಹೇಳಿಕೊಟ್ಟರೆ ಸಾಕು. ಐಟಿಐನ ಫಿಟ್ಟರ್, ಎಲೆಕ್ಟ್ರಿಷಿಯನ್, ಎ.ಸಿ. ಮೆಕ್ಯಾನಿಕ್ ವಿದ್ಯಾರ್ಥಿಗಳು ಕೊನೆಯ ಆರು ತಿಂಗಳನ್ನು ಆಸ್ಪತ್ರೆಯಲ್ಲಿ ಕಳೆಯಲಿ: ಆಮ್ಲಜನಕದ ಮ್ಯಾನಿಫೋಲ್ಡ್ ಕೋಣೆ, ಆಟೋಕ್ಲೇವ್, ಥಿಯೇಟರಿನ ಎ.ಸಿ., ಜನರೇಟರ್. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳು, ಗುತ್ತಿಗೆಯವರನ್ನೂ ಲೆಕ್ಕಕ್ಕೆ ಹಿಡಿದು, ನೂರಕ್ಕೆ ಎರಡೂವರೆಯಷ್ಟಾದರೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದು ಅಪ್ರೆಂಟಿಸ್ ನಿಯಮಗಳೇ ಹೇಳುತ್ತವೆ. ಊರಿನ ದೊಡ್ಡ ಆಸ್ಪತ್ರೆಗಳು ಆ ಲೆಕ್ಕ ಹಾಕಿ ನೋಡಲಿ.

ಜಿಲ್ಲಾ ಆಸ್ಪತ್ರೆಯಲ್ಲಿ ಆರೋಗ್ಯ ರಕ್ಷಾ ಸಮಿತಿ ಇದೆ. ಅದರ ಮುಂದಿನ ಸಭೆಯಲ್ಲಿ ಮೂರು ಕಾಗದ ಮೇಜಿಗೆ ಬರಲಿ: ಲೋಡ್ ಕೊಟ್ಟು ಮಾಡಿದ ಜನರೇಟರ್ ಪರೀಕ್ಷೆಯ ರಿಜಿಸ್ಟರು, ಸ್ವಚ್ಛತಾ ಸಿಬ್ಬಂದಿಯ ಲಸಿಕೆ ಪಟ್ಟಿ, ರಾತ್ರಿ ಪಾಳಿಯ ಆಮ್ಲಜನಕ ಆಪರೇಟರ್‌ನ ತರಬೇತಿ ಪ್ರಮಾಣಪತ್ರ. ಯಾವುದಾದರೂ ಒಂದು ಇಲ್ಲದಿದ್ದರೆ, ಮುಂದಿನ ಟೆಂಡರಿನ ಷರತ್ತುಗಳನ್ನು ಅಲ್ಲಿಂದಲೇ ಬರೆಯಲು ಶುರುಮಾಡಬಹುದು.