ಗಾಯಗೊಂಡ ಮನಸ್ಸು, ತರಗತಿಯ ಬೆಂಚು ಮತ್ತು ಹೆತ್ತವರಾದ ನಾವು

ಶಾಲೆಯಲ್ಲಿ ಹೆತ್ತವರ ಸಭೆ ನಡೆಯುವಾಗ ನಮ್ಮಲ್ಲಿ ಅನೇಕರು ಆಡುವ ಮಾತೊಂದಿದೆ: "ನಾಲ್ಕು ಬಿಗಿಯಿರಿ ಟೀಚರ್, ನಮ್ಮದೇನೂ ಆಕ್ಷೇಪವಿಲ್ಲ." ಮಗುವನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಹೀಗೆ ಹೇಳುತ್ತೇವೆ. ಟೀಚರೂ ನಗುತ್ತಾರೆ, ನಾವೂ ನಗುತ್ತೇವೆ. ಮಗು ಮಾತ್ರ ನಗುವುದಿಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಹೆತ್ತವರು ಒಪ್ಪಿದರೆ ಹೊಡೆಯಬಹುದೆಂಬ ವಿನಾಯಿತಿ ಅದರಲ್ಲಿಲ್ಲ. ಆದ್ದರಿಂದ ಆ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವುದೇ ನಾವು ಮಾಡಬೇಕಾದ ಮೊದಲ ಕೆಲಸ.

ಇದಕ್ಕೆ ಕಾನೂನಿಗಿಂತಲೂ ದೊಡ್ಡ ಕಾರಣವಿದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿ ಮೀನುಗಾರರೊಂದಿಗೆ ಕಣ್ಮರೆಯಾಯಿತು. 2010ರ ಮೇ 22ರಂದು ಮಂಗಳೂರಿನ ವಿಮಾನ ದುರಂತದಲ್ಲಿ 158 ಮಂದಿ ತೀರಿಕೊಂಡರು. ಕರಾವಳಿಯ ನಮಗೆ ಇಂಥ ಸುದ್ದಿ ಹೊಸತಲ್ಲ. ಪತ್ರಿಕೆಗೆ ಬಾರದ ದುಃಖಗಳಂತೂ ಇನ್ನೂ ಹೆಚ್ಚು: ಕುಡಿದು ಬರುವ ಅಪ್ಪ, ಬೇರೆಯಾದ ತಂದೆತಾಯಿ, ಹತ್ತಿರದವರಿಂದಲೇ ಆದ ಹಿಂಸೆ. ಅಂಥ ಮನೆಯಿಂದಲೂ ಬೆಳಗ್ಗೆ ಒಂದು ಮಗು ಯೂನಿಫಾರ್ಮ್ ತೊಟ್ಟು ಶಾಲೆಗೆ ಹೊರಡುತ್ತದೆ.

ಅಪಾಯ ಬಂದಾಗ ನಮ್ಮನ್ನು ಎಚ್ಚರಿಸುವುದರಲ್ಲಿ ಮೆದುಳಿನ ಅಮಿಗ್ಡಲಾ ಎಂಬ ಭಾಗಕ್ಕೆ ದೊಡ್ಡ ಪಾತ್ರವಿದೆ. ದೊಡ್ಡ ಆಘಾತ ಕಂಡ ಮಗುವಿನಲ್ಲಿ ಈ ಎಚ್ಚರಿಕೆಯ ಗಂಟೆ ಸಣ್ಣ ಕಾರಣಕ್ಕೂ ಬಾರಿಸತೊಡಗುತ್ತದೆ. ಯಾರೋ ಬಾಗಿಲು ಧಡಾರನೆ ಹಾಕಿದರೂ ಸಾಕು, ಎದೆ ಹೊಡೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮಗ್ಗಿ ತಲೆಗೆ ಹತ್ತುವುದಿಲ್ಲ. ಕೆಲವು ಮಕ್ಕಳು ಜಗಳಕ್ಕೆ ನಿಲ್ಲುತ್ತಾರೆ, ಕೆಲವರು ಮಂಕಾಗಿ ಕೂರುತ್ತಾರೆ, ಕೆಲವರಿಗೆ ದಿನಾ ಹೊಟ್ಟೆನೋವು. ನಾವು ಅದಕ್ಕೆ ಉಡಾಫೆ, ಸೋಮಾರಿತನ, ನಾಟಕ ಎಂದು ಹೆಸರಿಡುತ್ತೇವೆ. 1998ರಲ್ಲಿ ಅಮೆರಿಕದ ವೈದ್ಯರಾದ ಫೆಲಿಟ್ಟಿ ಮತ್ತು ಆಂಡಾ ಸಾವಿರಾರು ವಯಸ್ಕರ ಬಾಲ್ಯವನ್ನು ವಿಚಾರಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದ ಕಹಿ ಅನುಭವಗಳು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಮದ್ಯವ್ಯಸನ, ಹೃದ್ರೋಗಗಳ ಸಂಭವವೂ ಹೆಚ್ಚುವುದು ಕಂಡುಬಂತು.

ಇದನ್ನು ಅರಿತ ಶಾಲೆ ಶಿಸ್ತನ್ನು ಬಿಟ್ಟುಕೊಡುವುದಿಲ್ಲ. "ನಿನಗೇನು ರೋಗ?" ಎಂದು ಗದರುವ ಬದಲು "ಏನಾಯಿತು ಮಗಾ?" ಎಂದು ಕೇಳುತ್ತದೆ, ಅಷ್ಟೇ. ತಪ್ಪು ಮಾಡಿದ ಮಗುವನ್ನು ಎಲ್ಲರೆದುರು ಅವಮಾನಿಸದೆ ಬದಿಗೆ ಕರೆದು ಮಾತಾಡುತ್ತದೆ. ವೇಳಾಪಟ್ಟಿ ಬದಲಾದರೆ ಮುಂಚಿತವಾಗಿ ತಿಳಿಸುತ್ತದೆ.

ಶಾಲೆ ಹೀಗೆ ನಡೆಯಬೇಕಾದರೆ ಟೀಚರಿಗೆ ವಿಷಯ ಗೊತ್ತಿರಬೇಕಲ್ಲವೇ? ಇಲ್ಲಿ ನಮ್ಮ ಮರ್ಯಾದೆ ಅಡ್ಡ ಬರುತ್ತದೆ. ಮನೆಯ ಮಾತು ಹೊರಗೆ ಹೋಗಬಾರದೆಂದು ಬಾಯಿ ಮುಚ್ಚಿಕೊಳ್ಳುತ್ತೇವೆ. ಪೂರ್ತಿ ಕಥೆ ಹೇಳಬೇಕಾಗಿಲ್ಲ. ಕ್ಲಾಸ್ ಟೀಚರೊಬ್ಬರ ಹತ್ತಿರ ಮೂರು ಸಂಗತಿ ಹೇಳಿದರೆ ಸಾಕು: ಏನು ನಡೆಯಿತು, ಮಗುವಿಗೆ ಅದರಲ್ಲಿ ಎಷ್ಟು ಗೊತ್ತಿದೆ, ಯಾವುದರಿಂದ ಅದಕ್ಕೆ ಭಯವಾಗುತ್ತದೆ. ಅಪ್ಪನನ್ನು ಕಳಕೊಂಡ ಮಗುವಿನ ತರಗತಿಯಲ್ಲಿ 'ಅಪ್ಪಂದಿರ ದಿನ'ಕ್ಕೆ ಕಾರ್ಡು ಮಾಡಿಸುವ ಮೊದಲು ಟೀಚರಿಗೆ ಇದು ತಿಳಿದಿರಲಿ. ಆ ಮಗು ಅಜ್ಜನಿಗೋ ಮಾಮನಿಗೋ ಕಾರ್ಡು ಬರೆಯಲಿ, ಬೇಡವಾದರೆ ಚಿತ್ರ ಬಿಡಿಸಲಿ.

ಇನ್ನು ಬೇರೆಯವರ ಮಕ್ಕಳ ವಿಷಯ. ನಮ್ಮ ಮಗುವಿಗೆ ಹೊಡೆದ ಹುಡುಗನನ್ನು "ಬೇರೆ ಕ್ಲಾಸಿಗೆ ಹಾಕಿ" ಎಂದು ನಾವು ಜೋರು ಮಾಡುತ್ತೇವೆ. ನಮ್ಮ ಮಗುವಿಗೆ ರಕ್ಷಣೆ ಕೇಳುವುದು ನ್ಯಾಯವೇ. ಆದರೆ ಅವನ ಮನೆಯ ಕಥೆಯನ್ನು ವಾಟ್ಸಾಪ್ ಗುಂಪಿನಲ್ಲಿ ಹರಡುವುದು ನ್ಯಾಯವಲ್ಲ. ಎಲ್ಲಕ್ಕಿಂತ ಹೆಚ್ಚಿನ ಕೇಡು ಇದೇ ಎಂದು ನಮಗನಿಸುತ್ತದೆ.

ಒಂಟಿಯಾಗಿ ಹೇಳಿದ ಮಾತಿಗೆ ತೂಕ ಕಡಿಮೆ. ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಸಮಿತಿ ಇರಲೇಬೇಕೆಂದೂ ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರು ಅಥವಾ ಪೋಷಕರಿರಬೇಕೆಂದೂ ಅದೇ ಕಾಯಿದೆಯ 21ನೇ ಸೆಕ್ಷನ್ ಹೇಳುತ್ತದೆ. ಅನುದಾನಿತ ಶಾಲೆಯಲ್ಲಿ ಅದರ ಕೆಲಸ ಸಲಹೆ ಕೊಡುವುದಷ್ಟೇ. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ ನಿಯಮವಿಲ್ಲ, ಅಲ್ಲಿ ಶಿಕ್ಷಕ-ರಕ್ಷಕ ಸಂಘವೇ ನಮಗಿರುವ ದಾರಿ. ಕಟ್ಟಡ, ವಾರ್ಷಿಕೋತ್ಸವ, ಫೀಸು ಎಂದೇ ಸಭೆ ಮುಗಿಯುತ್ತದೆ. ಒಮ್ಮೆಯಾದರೂ ಎದ್ದು ಕೇಳೋಣ: ಮಗು ಅಳುತ್ತಿದ್ದರೆ ಹೋಗಿ ಕೂರಲು ಶಾಲೆಯಲ್ಲಿ ಜಾಗವಿದೆಯೇ? ಆಪ್ತಸಮಾಲೋಚಕರು ಇದ್ದಾರೆಯೇ? ಟೀಚರುಗಳಿಗೆ ತರಬೇತಿ ಸಿಕ್ಕಿದೆಯೇ? ನಲವತ್ತು ಮಕ್ಕಳ ಭಾರ ಹೊತ್ತ ಟೀಚರಿಗೂ ಆಸರೆ ಬೇಕು ಎಂಬುದನ್ನು ಮರೆಯದೆ ಕೇಳೋಣ.

ಲೈಂಗಿಕ ದೌರ್ಜನ್ಯದ ವಿಷಯವಾದರೆ ಮಾತ್ರ ಗುಟ್ಟಿಗೆ ಅವಕಾಶವಿಲ್ಲ. 2012ರ ಪೋಕ್ಸೋ ಕಾಯಿದೆಯಂತೆ, ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಟೀಚರು ದೂರು ಕೊಟ್ಟರೆ "ಶಾಲೆಯ ಹೆಸರು ಹಾಳಾಯಿತು" ಎಂದು ಅವರ ಮೇಲೆ ಮುಗಿಬೀಳದೆ ಅವರ ಪರವಾಗಿ ನಿಲ್ಲಬೇಕಾದವರು ನಾವೇ.

ಮಗು ಸಂಕಟದಲ್ಲಿದ್ದರೆ 1098 ಮಕ್ಕಳ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಂಖ್ಯೆ 14416. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು, ಖರ್ಚಿಲ್ಲ. ಎರಡೂ ಸಂಖ್ಯೆಗಳನ್ನು ಮಗುವಿನ ಶಾಲಾ ಡೈರಿಯ ಮೊದಲ ಪುಟದಲ್ಲಿ ಇವತ್ತೇ ಬರೆದಿಡಬಹುದು.