ಒಂದು ಕಂಪ್ಯೂಟರ್, ಎರಡು ಅಗಲ ಪರದೆ

ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಬೃಹತ್ ನಿಘಂಟನ್ನು ಮುಗಿಸಿದ್ದು 1995ರಲ್ಲಿ. ಚೀಟಿಗಳನ್ನು ಹರಡಿಕೊಂಡು ಮಾಡುವ ಕೆಲಸಕ್ಕೆ ಆಗ ಬೇಕಿದ್ದುದು ಅಗಲವಾದ ಮೇಜು. ಈಗ ಪರದೆಯೇ ಮೇಜು.

ಹಳೆಯ ಪುಸ್ತಕವೊಂದನ್ನು ಮರುಮುದ್ರಣಕ್ಕೆ ಅಣಿಗೊಳಿಸುವವರನ್ನೇ ನೋಡಿ. ಎಡಕ್ಕೆ ಮೂಲ ಪುಟ, ನಡುವೆ ಹೊಸ ಪುಟ, ಬಲಕ್ಕೆ ನಿಘಂಟು. ಹಳೆಯ 'ನುಡಿ', 'ಬರಹ' ಕಡತಗಳು ಯೂನಿಕೋಡಿಗೆ ಬರುವಾಗ ಅರ್ಕಾವತ್ತು ಜಾಗ ತಪ್ಪಬಹುದು. ಎರಡೂ ಪುಟ ಒಟ್ಟಿಗೆ ಕಂಡರೆ ತಪ್ಪು ಥಟ್ಟನೆ ಸಿಗುತ್ತದೆ. ಅಲ್ಟ್ರಾವೈಡ್ ಮಾನಿಟರಿನ ಉಪಯೋಗವೇ ಇದು.

ಒಂದು ಸಾಲದೆ ಎರಡು ಬೇಕೆನ್ನುವವರು ಮೊದಲು ಲೆಕ್ಕ ಹಾಕಬೇಕು. 34 ಇಂಚಿನ ಪರದೆಯಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 3440, ಉದ್ದಕ್ಕೆ 1440 ಚುಕ್ಕೆಗಳು. ಒಟ್ಟು ಸುಮಾರು 49.5 ಲಕ್ಷ. ಎರಡಾದರೆ 99 ಲಕ್ಷ! ಅಷ್ಟನ್ನೂ ಹೊರುವ ಶಕ್ತಿ ಗ್ರಾಫಿಕ್ಸ್ ಕಾರ್ಡಿಗೂ ಕೇಬಲ್ಲಿಗೂ ಇರಬೇಕು. ಹಳೆಯ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿದರೆ ಸೆಕೆಂಡಿಗೆ 60 ಬಾರಿ ಬದಲಾಗಬೇಕಾದ ಚಿತ್ರ 50ಕ್ಕೋ 30ಕ್ಕೋ ಇಳಿದು, ಮೌಸ್ ತೆವಳಿದಂತೆ ಕಾಣುತ್ತದೆ. ಡಿಸ್‌ಪ್ಲೇಪೋರ್ಟ್ ಆದರೆ ಚಿಂತೆಯಿಲ್ಲ. ಎರಡೂ ಕೇಬಲ್‌ಗಳು ಗ್ರಾಫಿಕ್ಸ್ ಕಾರ್ಡಿಗೇ ಸೇರಲಿ, ಮದರ್‌ಬೋರ್ಡಿನ ಕಿಂಡಿಗಲ್ಲ.

ಇನ್ನು ಜಾಗ. ಒಂದೊಂದೂ ಸುಮಾರು 80 ಸೆಂಟಿಮೀಟರ್ ಅಗಲ. ಅಕ್ಕಪಕ್ಕ ಇಟ್ಟರೆ ಐದೂಕಾಲು ಅಡಿ. ಬಸವನಗುಡಿಯ ಹಳೆ ಮನೆಯ ಕಿರುಕೋಣೆಗೆ ಇದು ದುಬಾರಿ. ಅಲ್ಲಿ ಗಟ್ಟಿಯಾದ ತೋಳಿನ ಸ್ಟ್ಯಾಂಡ್ ಹಾಕಿಸಿ, ಒಂದರ ಮೇಲೊಂದು ನಿಲ್ಲಿಸುವುದೇ ಜಾಣತನ. ಸದಾ ನೋಡುವುದು ಕೆಳಗಿರಲಿ, ಆಗಾಗ ನೋಡುವ ನಿಘಂಟು ಮೇಲಿರಲಿ. ಇಲ್ಲವಾದರೆ ಅಕ್ಷರ ಉಳಿದೀತು, ಕತ್ತು ಉಳಿಯದು!